ಒಂದು ಪ್ರಶ್ನೆ, ಹಲವು ಗ್ರಂಥಾಲಯಗಳು: ಮಾಹಿತಿ ಸಾಕ್ಷರತೆಯನ್ನು ಹಂತಹಂತವಾಗಿ ಕಲಿಸುವ ಬಗೆ

2018ರ ಜೂನ್‌ನಲ್ಲಿ ನೀತಿ ಆಯೋಗವು ನೀರಿನ ನಿರ್ವಹಣೆಯ ಕುರಿತು ಪ್ರಕಟಿಸಿದ ಸೂಚ್ಯಂಕ ವರದಿಯಲ್ಲಿ ಒಂದು ಮಾತಿತ್ತು. ದೆಹಲಿ, ಬೆಂಗಳೂರು, ಚೆನ್ನೈ, ಹೈದರಾಬಾದ್ ಸೇರಿದಂತೆ ದೇಶದ 21 ದೊಡ್ಡ ನಗರಗಳ ಅಂತರ್ಜಲ 2020ರ ಹೊತ್ತಿಗೆ ಬರಿದಾಗುವ ದಾರಿಯಲ್ಲಿದೆ, ಅದರಿಂದ 10 ಕೋಟಿ ಜನರಿಗೆ ತೊಂದರೆಯಾಗಲಿದೆ ಎಂಬುದು ಆ ಮಾತಿನ ಸಾರ. ದೇಶವಿದೇಶಗಳ ಪತ್ರಿಕೆಗಳು ಅದನ್ನು ಉದ್ಧರಿಸಿದವು. ಭಾಷಣಗಳಲ್ಲಿ, ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಅದು ಸೇರಿಹೋಯಿತು. 2019ರಲ್ಲಿ ಕೆಲವು ಪತ್ರಕರ್ತರು ಅದರ ಮೂಲವನ್ನು ಹುಡುಕಿಕೊಂಡು ಹೊರಟಾಗ, ಒಂದು ಉಲ್ಲೇಖದಿಂದ ಇನ್ನೊಂದಕ್ಕೆ ಹೋದರೂ ಆ ಮಾತನ್ನು ಸಮರ್ಥಿಸುವ ಗಟ್ಟಿಯಾದ ಲೆಕ್ಕಾಚಾರ ಅವರಿಗೆ ಸಿಗಲಿಲ್ಲ. 2020 ಬಂದು ಹೋಯಿತು, ಬೆಂಗಳೂರಿನ ನೆಲದಡಿಯ ನೀರು ಸೊನ್ನೆಗೆ ಇಳಿಯಲಿಲ್ಲ. ಹಾಗೆಂದು ನಗರದ ನೀರಿನ ಸಂಕಟ ಸುಳ್ಳಲ್ಲ. 2024ರ ಬೇಸಿಗೆಯಲ್ಲಿ ಇಲ್ಲಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಹೊರವಲಯದ ಬಡಾವಣೆಗಳು ಟ್ಯಾಂಕರ್ ನೀರಿಗಾಗಿ ಕಾದು ನಿಂತದ್ದನ್ನು ಊರೇ ಕಂಡಿದೆ.

ಹೀಗೆ ಸಂಕಟ ನಿಜವಾಗಿದ್ದು, ಅದರ ಬಗ್ಗೆ ಹರಡಿದ ಅಂಕಿಅಂಶಕ್ಕೆ ಮಾತ್ರ ನೆಲೆ ಇಲ್ಲದಿರುವ ಸಂದರ್ಭವೇ ಓದುಗನಿಗೆ ಅತ್ಯಂತ ಕಠಿಣವಾದದ್ದು. ಇಲ್ಲಿ ಸರಿಯಾದ ತೀರ್ಮಾನಕ್ಕೆ ಬರಬೇಕಾದರೆ ಒಂದು ಹೇಳಿಕೆಯ ಮೂಲವನ್ನು ಹಿಂದಕ್ಕೆ ಹುಡುಕಿಕೊಂಡು ಹೋಗುವುದು ತಿಳಿದಿರಬೇಕು. ಕೇಂದ್ರ ಅಂತರ್ಜಲ ಮಂಡಳಿಯ ಭಾಷೆಯಲ್ಲಿ ಅತಿಬಳಕೆ ಎಂದರೆ ವರ್ಷಕ್ಕೆ ಮರುಪೂರಣವಾಗುವುದಕ್ಕಿಂತ ಹೆಚ್ಚು ನೀರನ್ನು ಎತ್ತುವುದು, ನೀರು ಪೂರ್ತಿ ಮುಗಿಯುವುದು ಎಂದಲ್ಲ ಎಂಬ ವ್ಯತ್ಯಾಸ ಗೊತ್ತಿರಬೇಕು. ವರದಿ, ಸುದ್ದಿ, ಸಂಶೋಧನಾ ಲೇಖನ ಇವು ಯಾವ ಯಾವ ಕ್ರಮದಲ್ಲಿ ಸಿದ್ಧವಾಗುತ್ತವೆ ಎಂಬ ಅರಿವಿರಬೇಕು. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹುಡುಕುವ ಅಭ್ಯಾಸವಿರಬೇಕು. ಈ ಎಲ್ಲ ಸಾಮರ್ಥ್ಯಗಳನ್ನು ಒಟ್ಟಾಗಿ ಮಾಹಿತಿ ಸಾಕ್ಷರತೆ ಎಂದು ಕರೆಯುತ್ತಾರೆ. ಇವುಗಳಲ್ಲಿ ಯಾವುದನ್ನೂ ಒಂದು ದಿನದ ಓರಿಯೆಂಟೇಶನ್ ಕಾರ್ಯಕ್ರಮದಲ್ಲಿ ಕಲಿಸಲಾಗದು. ಒಂದೇ ಗ್ರಂಥಾಲಯವು ಎಲ್ಲವನ್ನೂ ಕಲಿಸಲಾಗದು ಎಂಬುದೂ ಅಷ್ಟೇ ನಿಜ, ಆದರೆ ನಮ್ಮಲ್ಲಿ ಅದರ ಕುರಿತು ಚರ್ಚೆ ಬಹಳ ಕಡಿಮೆ ನಡೆದಿದೆ.

ಈ ಪರಿಕಲ್ಪನೆಗೆ ಹೆಸರು ಕೊಟ್ಟವರು ಅಮೆರಿಕದ ಪಾಲ್ ಝುರ್ಕೌಸ್ಕಿ, 1974ರಲ್ಲಿ. ಅವರ ಮನಸ್ಸಿನಲ್ಲಿ ಇದ್ದದ್ದು ಮುಖ್ಯವಾಗಿ ಉದ್ಯೋಗದ ಜಗತ್ತು. 1989ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘದ ಸಮಿತಿಯೊಂದು ಇದನ್ನು ವಿಸ್ತರಿಸಿ, ತನಗೆ ಮಾಹಿತಿ ಯಾವಾಗ ಬೇಕಾಗಿದೆ ಎಂದು ಗುರುತಿಸಿ, ಅದನ್ನು ಹುಡುಕಿ, ಅಳೆದು, ಬಳಸಬಲ್ಲವನೇ ಮಾಹಿತಿ ಸಾಕ್ಷರ ಎಂದು ನಿರೂಪಿಸಿತು. 2000ದಲ್ಲಿ ಅದೇ ದೇಶದ ಕಾಲೇಜು ಗ್ರಂಥಾಲಯಗಳ ಸಂಘವು ಕೌಶಲಗಳ ಮಾನದಂಡಗಳನ್ನು ಪ್ರಕಟಿಸಿತು. 2016ರಲ್ಲಿ ಅದು ಒಪ್ಪಿಕೊಂಡ ಹೊಸ ಚೌಕಟ್ಟು ಕೌಶಲಗಳ ಪಟ್ಟಿಯನ್ನು ಬದಿಗಿಟ್ಟು ಆರು ಮೂಲ ಗ್ರಹಿಕೆಗಳನ್ನು ಮುಂದಿಟ್ಟಿತು. ಅಧಿಕಾರವಾಣಿ, ಅಂದರೆ ಒಂದು ಮಾತಿಗಿರುವ ಪ್ರಾಮಾಣ್ಯ, ಸಂದರ್ಭಕ್ಕೆ ತಕ್ಕಂತೆ ರೂಪುಗೊಳ್ಳುತ್ತದೆ, ಸಂಶೋಧನೆ ಎಂದರೆ ಪ್ರಶ್ನೆಯಿಂದ ಪ್ರಶ್ನೆಗೆ ಸಾಗುವ ಅನ್ವೇಷಣೆ, ವಿದ್ವತ್ತು ಎಂದರೆ ಮುಗಿಯದ ಸಂವಾದ ಎಂಬಂಥ ಗ್ರಹಿಕೆಗಳು ಅವು. ಕೌಶಲವನ್ನು ತರಬೇತಿಯಿಂದ ಕೊಡಬಹುದು, ಗ್ರಹಿಕೆ ಮಾತ್ರ ವರ್ಷಗಳ ಅಭ್ಯಾಸದಲ್ಲಿ ಬಲಿಯುವಂಥದ್ದು. ಹಂತಹಂತವಾಗಿ ಕಲಿಸುವ ಅಗತ್ಯ ಹುಟ್ಟುವುದು ಇಲ್ಲಿಯೇ.

ಬೆಂಗಳೂರಿನವರಿಗೆ ಈ ವಿಚಾರ ಹೊರಗಿನಿಂದ ಬಂದದ್ದೆಂದು ತೋರಬೇಕಾಗಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಈ ನಗರದಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು, ಅಂದರೆ ಡಿಆರ್‌ಟಿಸಿಯನ್ನು, ಅವರು ಕಟ್ಟಿದ್ದೂ ಇಲ್ಲಿಯೇ. ಪರಾಮರ್ಶನ ಸೇವೆಯನ್ನು, ಅಂದರೆ ಓದುಗನಿಗೆ ಬೇಕಾದ ಮಾಹಿತಿ ಸಿಗುವಂತೆ ನೆರವಾಗುವ ಕೆಲಸವನ್ನು, ಅವರು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು: ಹೊಸ ಓದುಗನಿಗೆ ಗ್ರಂಥಾಲಯದ ದೀಕ್ಷೆ ಕೊಡುವುದು, ಸಾಮಾನ್ಯ ಓದುಗನಿಗೆ ಸಾಮಾನ್ಯ ನೆರವು, ಕ್ಷಿಪ್ರವಾಗಿ ಉತ್ತರಿಸಬಹುದಾದ ಪ್ರಶ್ನೆಗಳ ಸೇವೆ, ದೀರ್ಘ ಹುಡುಕಾಟವನ್ನು ಬೇಡುವ ಪ್ರಶ್ನೆಗಳ ಸೇವೆ. ಓದುಗನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬೆಳೆಯುತ್ತಾನೆ, ಗ್ರಂಥಪಾಲಕನ ಕೆಲಸ ಅವನ ಜೊತೆಗೇ ಬದಲಾಗುತ್ತದೆ ಎಂಬ ತಿಳಿವು ಈ ವಿಂಗಡಣೆಯ ಒಳಗಿದೆ. ಅಂತರ್ಜಲದ ಆ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಅದು ಬೇರೆ ಬೇರೆ ಗ್ರಂಥಾಲಯಗಳಲ್ಲಿ ಹೇಗೆ ಬೇರೆ ಬೇರೆ ಪಾಠವಾಗಬಲ್ಲದು ಎಂಬುದನ್ನು ನೋಡೋಣ.

ಮೊದಲನೆಯದು ಪ್ರಾಥಮಿಕ ಶಾಲೆಯ ಗ್ರಂಥಾಲಯ ಮತ್ತು ಮಕ್ಕಳ ಗ್ರಂಥಾಲಯ. ಎಂಟು ವರ್ಷದ ಮಗುವಿಗೆ ಅಂತರ್ಜಲ ಬರಿದಾಗುತ್ತದೆಯೇ ಎಂದು ಕೇಳುವುದು ವ್ಯರ್ಥ. ಮಳೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಆ ವಯಸ್ಸಿನ ಪ್ರಶ್ನೆ. ಇಲ್ಲಿ ಕಲಿಸಬೇಕಾದದ್ದು ಕತೆಯ ಪುಸ್ತಕ ಮತ್ತು ಮಾಹಿತಿಯ ಪುಸ್ತಕಗಳ ನಡುವಣ ವ್ಯತ್ಯಾಸ. ಪರಿವಿಡಿಯನ್ನು ನೋಡಿ ಬೇಕಾದ ಪುಟಕ್ಕೆ ಹೋಗುವುದು. ಚಿತ್ರದ ಕೆಳಗಿನ ಬರಹವನ್ನೂ ಓದುವುದು. ಪುಸ್ತಕ ಬರೆದವರು ಯಾರು ಎಂದು ಗಮನಿಸುವುದು. ಇವು ಸಣ್ಣ ಸಂಗತಿಗಳಂತೆ ಕಾಣಬಹುದು, ಆದರೆ ಬರೆದವರ ಹೆಸರನ್ನು ನೋಡುವ ಅಭ್ಯಾಸ ಎಂಟನೆಯ ವಯಸ್ಸಿನಲ್ಲಿ ಬಾರದಿದ್ದರೆ, ಮುಂದೆ ಅದನ್ನು ಬರಿಸುವುದಕ್ಕೆ ಎಷ್ಟೋ ಹೆಚ್ಚು ಶ್ರಮ ಬೇಕಾಗುತ್ತದೆ.

ಕನ್ನಡದ ಮಕ್ಕಳಿಗೆ ಈ ಹಂತದಲ್ಲಿಯೇ ಕಲಿಸಬೇಕಾದ ಇನ್ನೊಂದು ಸಂಗತಿ ಇದೆ. ಇಂಗ್ಲಿಷ್ ಮೂಲದ ಯಾವ ಕೈಪಿಡಿಯೂ ಅದನ್ನು ಹೇಳುವುದಿಲ್ಲವಾದ್ದರಿಂದ ಅದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಅಕ್ಷರಮಾಲೆಯ ಕ್ರಮವೇ ಆ ಸಂಗತಿ. ಕನ್ನಡ ನಿಘಂಟಿನಲ್ಲಿ ಅನುಸ್ವಾರವಿರುವ ಅಂಕ, ಅಂಗಳ ಮೊದಲಾದ ಪದಗಳು ಅಕ್ಕ, ಅಗಸೆಗಳಿಗಿಂತ ಮೊದಲೇ ಬರುತ್ತವೆ. ಕ್ರಮ, ಕ್ಷಣ ಮುಂತಾದ ಒತ್ತಕ್ಷರದ ಪದಗಳು ಕಕಾರದ ಕಾಗುಣಿತವೆಲ್ಲ ಮುಗಿದ ಮೇಲೆ ಸಿಗುತ್ತವೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಓದುವ ಅನೇಕ ಕನ್ನಡ ಮಕ್ಕಳು ಮನೆಯಲ್ಲಿ ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾರೆ, ಓದಲೂ ಬಲ್ಲರು, ಆದರೆ ನಿಘಂಟಿನಲ್ಲಿಯೋ ವಿಶ್ವಕೋಶದ ಪದಸೂಚಿಯಲ್ಲಿಯೋ ಒಂದು ಪದವನ್ನು ಹುಡುಕಲು ಹೇಳಿದರೆ ಕೈ ಚೆಲ್ಲುತ್ತಾರೆ. ಹೀಗಾದಾಗ ತಮ್ಮದೇ ಭಾಷೆಯ ಪರಾಮರ್ಶನ ಗ್ರಂಥಗಳು ಅವರ ಪಾಲಿಗೆ ಮುಚ್ಚಿಹೋಗುತ್ತವೆ. ವಾರಕ್ಕೊಂದು ಗ್ರಂಥಾಲಯದ ಅವಧಿಯಲ್ಲಿ ನಿಘಂಟು ಹಿಡಿದು ಆಡುವ ಪದದ ಆಟವೊಂದು ಈ ಕೊರತೆಯನ್ನು ನೀಗಿಸಬಲ್ಲದು.

ಪ್ರೌಢಶಾಲೆಯ ಹಂತವೇ ಈ ಸರಪಳಿಯ ಅತ್ಯಂತ ದುರ್ಬಲ ಕೊಂಡಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಪ್ರಾಜೆಕ್ಟ್ ಕೆಲಸ ಹೆಚ್ಚುವುದು ಇಲ್ಲಿ. ನೋಡಿ ನಕಲು ಮಾಡುವ ಅಭ್ಯಾಸ ಗಟ್ಟಿಯಾಗುವುದೂ ಇಲ್ಲಿಯೇ. ನಮ್ಮ ಕೆರೆಗಳು ಎಂಬ ವಿಷಯ ಕೊಟ್ಟರೆ, ಮೊದಲು ಕಂಡ ಜಾಲತಾಣದಿಂದ ಎರಡು ಪುಟ ಇಳಿಸಿ, ನಾಲ್ಕು ಬಣ್ಣದ ಚಿತ್ರ ಅಂಟಿಸಿ ಒಪ್ಪಿಸುವುದೇ ರೂಢಿ. ತಪ್ಪನ್ನು ಮಕ್ಕಳ ಮೇಲೆ ಹೊರಿಸಲಾಗದು. ಅಷ್ಟು ವಿಶಾಲವಾದ ವಿಷಯ ಕೊಟ್ಟಾಗ ಬೇರೆ ಏನನ್ನು ಮಾಡಲು ಸಾಧ್ಯ? ಪ್ರಶ್ನೆಯನ್ನು ಕಿರಿದು ಮಾಡುವುದು ಇಲ್ಲಿನ ಮೊದಲ ಪಾಠವಾಗಬೇಕು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಇಂದಿಗೂ ಕೆರೆಯಾಗಿಯೇ ಉಳಿದಿದೆ. ಇವುಗಳಲ್ಲಿ ಒಂದು ಏಕೆ ಉಳಿಯಿತು, ಇನ್ನೊಂದು ಏಕೆ ಅಳಿಯಿತು ಎಂದು ಕೇಳಿದರೆ ಹುಡುಕಲೇಬೇಕಾಗುತ್ತದೆ. ಸಿದ್ಧ ಉತ್ತರ ಯಾವ ಒಂದೇ ಪುಟದಲ್ಲಿಯೂ ಸಿಗುವುದಿಲ್ಲ.

ಹುಡುಕಾಟದ ನಡುವೆ ಗೊಂದಲಕ್ಕೆ ಬೀಳುವುದು ಸಹಜ ಎಂಬುದನ್ನೂ ಈ ವಯಸ್ಸಿನವರಿಗೆ ಹೇಳಿಕೊಡಬೇಕು. ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರಲ್ ಕುಲ್ತೌ 1980ರ ದಶಕದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳ ಹುಡುಕಾಟವನ್ನು ಆರಂಭದಿಂದ ಕೊನೆಯವರೆಗೆ ಗಮನಿಸಿದರು. ವಿಷಯವನ್ನು ಆಯ್ದುಕೊಂಡಾಗ ಮಕ್ಕಳಲ್ಲಿ ಉತ್ಸಾಹವಿರುತ್ತದೆ, ಆಮೇಲೆ ಪರಸ್ಪರ ಹೊಂದದ ಮಾಹಿತಿಗಳು ಎದುರಾದಂತೆ ಸಂಶಯವೂ ಅಧೈರ್ಯವೂ ಹೆಚ್ಚುತ್ತವೆ, ತಮ್ಮದೇ ಒಂದು ನಿಲುವು ರೂಪುಗೊಂಡ ಮೇಲಷ್ಟೇ ಆತ್ಮವಿಶ್ವಾಸ ಮರಳುತ್ತದೆ ಎಂದು ಅವರು ಕಂಡುಕೊಂಡರು. ಇದರಿಂದ ಗ್ರಂಥಪಾಲಕರಿಗೆ ಒಂದು ಸ್ಪಷ್ಟ ಸೂಚನೆ ಸಿಗುತ್ತದೆ. ಪುಸ್ತಕದ ಕಪಾಟನ್ನು ತೋರಿಸಿ ಹಿಂದೆ ಸರಿಯುವುದು ಸಾಲದು. ಮಗು ನಡುದಾರಿಯಲ್ಲಿ ಕಂಗಾಲಾಗಿ ನಿಂತಿರುವಾಗ ಪಕ್ಕದಲ್ಲಿ ಕುಳಿತು ಮಾತಾಡುವುದೇ ನಿಜವಾದ ಬೋಧನೆ. ಅನೇಕ ಶಾಲೆಗಳಲ್ಲಿ ಪೂರ್ಣಾವಧಿಯ ಗ್ರಂಥಪಾಲಕರೇ ಇಲ್ಲದೆ, ಗ್ರಂಥಾಲಯದ ಬೀಗದ ಕೈ ಯಾರೋ ಒಬ್ಬ ಶಿಕ್ಷಕರ ಬಳಿ ಹೆಚ್ಚುವರಿ ಹೊಣೆಯಾಗಿ ಇರುವಾಗ ಇದು ನಡೆಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಈ ಬರಹದ ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ಜಾಲತಾಣಗಳನ್ನು ಅಳೆಯುವ ಪಾಠಕ್ಕೂ ಇದೇ ತಕ್ಕ ಹಂತ. ಬಹುಕಾಲದವರೆಗೆ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಒಂದು ಪುಟವನ್ನು ತೆರೆದು, ಅದರಲ್ಲಿ ದಿನಾಂಕ ಇದೆಯೇ, ಲೇಖಕರ ಹೆಸರು ಇದೆಯೇ, ವಿನ್ಯಾಸ ಅಚ್ಚುಕಟ್ಟಾಗಿದೆಯೇ ಎಂದು ಪಟ್ಟಿ ಹಿಡಿದು ಪರೀಕ್ಷಿಸುವುದನ್ನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪದ್ಧತಿಯ ಮಿತಿಯನ್ನು ತೋರಿಸಿತು. ಅವರು 10 ಮಂದಿ ಇತಿಹಾಸಕಾರರು, ಸುದ್ದಿಯ ಸತ್ಯಾಸತ್ಯವನ್ನು ಪರಿಶೀಲಿಸುವ 10 ಮಂದಿ ವೃತ್ತಿಪರ ಸತ್ಯಶೋಧಕರು ಮತ್ತು ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ಅಳೆಯಲು ಕೊಟ್ಟರು. ಪಂಡಿತರೂ ವಿದ್ಯಾರ್ಥಿಗಳೂ ಅನೇಕ ಬಾರಿ ಅದೇ ಪುಟದಲ್ಲಿ ಉಳಿದು, ಅದರ ಚೆಂದದ ಮುಖಚಹರೆಗೆ ಮರುಳಾದರು. ಸತ್ಯಶೋಧಕರು ಮಾತ್ರ ಬೇಗನೆ ಆ ಪುಟವನ್ನು ಬಿಟ್ಟು, ಹೊಸ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿ ಕಡಿಮೆ ಸಮಯದಲ್ಲಿ ಸರಿಯಾದ ನಿರ್ಣಯಕ್ಕೆ ಬಂದರು. ಅಪರಿಚಿತ ವ್ಯಕ್ತಿಯೊಬ್ಬನ ಬಗ್ಗೆ ಅವನನ್ನೇ ಕೇಳುವ ಬದಲು ಊರಿನಲ್ಲಿ ವಿಚಾರಿಸುವ ಹಾಗೆ ಇದು. ಹದಿನಾಲ್ಕು ವರ್ಷದ ಮಕ್ಕಳಿಗೆ ಈ ಅಡ್ಡ ಓದನ್ನು ಕೆಲವೇ ತರಗತಿಗಳಲ್ಲಿ ಕಲಿಸಬಹುದು, ಅದಕ್ಕೆ ಬೇಕಾದದ್ದು ಜಾಲಕ್ಕೆ ಸೇರಿದ ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಮತ್ತು ಅದರ ಚಿತ್ರ ಬೀಳಲು ಒಂದು ಗೋಡೆ.

ಕನ್ನಡದಲ್ಲಿ ಹುಡುಕುವುದಕ್ಕೆ ತನ್ನದೇ ಆದ ತೊಡಕುಗಳಿವೆ. ಇವು ಪ್ರೌಢಶಾಲೆಯಲ್ಲಿ ಆರಂಭವಾಗಿ ಕಾಲೇಜಿನವರೆಗೂ ಮುಂದುವರಿಯಬೇಕಾದ ಪಾಠ. ನಮ್ಮ ಭಾಷೆಯಲ್ಲಿ ಕೆರೆ, ಕೆರೆಯ, ಕೆರೆಗೆ, ಕೆರೆಗಳಲ್ಲಿ ಎಂದು ಒಂದೇ ಪದ ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುತ್ತದೆ; ಹುಡುಕುವ ಯಂತ್ರಗಳು, ಅದರಲ್ಲಿಯೂ ಗ್ರಂಥಾಲಯದ ಕ್ಯಾಟಲಾಗ್‌ಗಳು, ಈ ರೂಪಗಳನ್ನೆಲ್ಲ ಒಂದೇ ಎಂದು ಸದಾ ತಿಳಿಯುವುದಿಲ್ಲ. ಅಂತರ್ಜಲ ಎಂದು ಹುಡುಕಿದವನು ಭೂಜಲ ಎಂದೂ ಹುಡುಕಬೇಕಾಗಬಹುದು. ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಶೈಲಿಯಲ್ಲಿ ಸಿದ್ಧವಾದ ಅನೇಕ ಕಡತಗಳು ಯೂನಿಕೋಡ್‌ನಲ್ಲಿ ಇಲ್ಲವಾದ್ದರಿಂದ, ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿ ಏರಿಸಿದ ಆದೇಶಗಳು, ರಾಜ್ಯಪತ್ರದ ಪುಟಗಳು ಕೇವಲ ಚಿತ್ರಗಳಾಗಿರುತ್ತವೆ. ಸಂಸ್ಥೆಗಳ ಹೆಸರು ಬದಲಾಗುವುದು ಇನ್ನೊಂದು ತೊಡಕು: ಬೆಂಗಳೂರು ಮಹಾನಗರ ಪಾಲಿಕೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು, 2025ರಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು, ಇಂಗ್ಲಿಷಿನಲ್ಲಿ ಊರಿನ ಹೆಸರೇ 2014ರ ನವೆಂಬರ್ 1ರಂದು ಬದಲಾಯಿತು. ಇವುಗಳಲ್ಲಿ ಒಂದೇ ಹೆಸರನ್ನು ಹಿಡಿದು ಹುಡುಕಿದವನಿಗೆ ನಗರದ ದಾಖಲೆಗಳ ಒಂದು ಕಾಲಖಂಡ ಮಾತ್ರ ಸಿಗುತ್ತದೆ, ಉಳಿದದ್ದು ಇಲ್ಲವೇ ಇಲ್ಲ ಎಂದು ಅವನು ನಂಬಿಬಿಡುತ್ತಾನೆ. ಹುಡುಕಿದ್ದು ಸಿಗದಿದ್ದಾಗ ಅದು ಇಲ್ಲವೋ, ತಾನು ಹುಡುಕಿದ ಬಗೆ ಸರಿಯಿಲ್ಲವೋ ಎಂದು ಕೇಳಿಕೊಳ್ಳುವ ಸ್ವಭಾವವನ್ನು ಬೆಳೆಸುವುದು ಯಾವ ತಂತ್ರವನ್ನು ಕಲಿಸುವುದಕ್ಕಿಂತಲೂ ದೊಡ್ಡ ಕೆಲಸ.

ಕಾಲೇಜು ಗ್ರಂಥಾಲಯದಲ್ಲಿ ಪ್ರಶ್ನೆ ತನ್ನ ಪೂರ್ಣ ರೂಪವನ್ನು ಪಡೆಯುತ್ತದೆ. 21 ನಗರಗಳ ಆ ಹೇಳಿಕೆಯನ್ನು ಪದವಿ ವಿದ್ಯಾರ್ಥಿಗಳ ಮುಂದಿಟ್ಟು, ಇದು ಎಲ್ಲಿಂದ ಬಂತು ಎಂದು ಹುಡುಕಿ ತನ್ನಿ ಎಂದರೆ ಸಾಕು, ಒಂದು ಅವಧಿಯ ಪಾಠ ಸಿದ್ಧವಾಗುತ್ತದೆ. ಪತ್ರಿಕೆಯ ಸುದ್ದಿಯಿಂದ ವರದಿಗೆ, ವರದಿಯ ಅಡಿಟಿಪ್ಪಣಿಯಿಂದ ಅದು ಹೆಸರಿಸಿದ ಆಕರಗಳಿಗೆ, ಅಲ್ಲಿಂದ ಕೇಂದ್ರ ಅಂತರ್ಜಲ ಮಂಡಳಿಯ ಅಂಕಿಅಂಶಗಳಿಗೆ ಅವರು ಹೋಗುತ್ತಾರೆ. ಮಂಡಳಿಯು ಎತ್ತಿದ ನೀರನ್ನು ಮರುಪೂರಣದೊಂದಿಗೆ ಹೋಲಿಸಿ ಶೇಕಡಾ 70ರವರೆಗೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ಅದಕ್ಕೂ ಮೀರಿದರೆ ಅತಿಬಳಕೆ ಎಂದು ವರ್ಗೀಕರಿಸುತ್ತದೆ ಎಂಬುದನ್ನು ಅಲ್ಲಿ ಕಾಣುತ್ತಾರೆ. ಬೆಂಗಳೂರು ನಗರ ಜಿಲ್ಲೆ ಬಹಳ ವರ್ಷಗಳಿಂದ ಕೊನೆಯ ವರ್ಗದಲ್ಲಿದೆ. ಆ ಸ್ಥಿತಿ ಆತಂಕಕಾರಿಯೇ, ಆದರೆ ಇಂತಿಷ್ಟನೇ ಇಸವಿಗೆ ನೀರು ಮುಗಿಯುತ್ತದೆ ಎಂಬ ಭವಿಷ್ಯ ಆ ವರ್ಗೀಕರಣದಿಂದ ಹೊರಡುವುದಿಲ್ಲ. ಸರ್ಕಾರದ ಸಂಸ್ಥೆಯೊಂದು ಹೇಳಿದ್ದರಿಂದಲೇ ಒಂದು ಮಾತಿಗೆ ಪ್ರಮಾಣ ಬರುವುದಿಲ್ಲ, ಹೇಳಿದವರ ಅಧಿಕಾರ ಯಾವ ವಿಷಯದಲ್ಲಿ, ಯಾವ ಆಧಾರದ ಮೇಲೆ ನಿಂತಿದೆ ಎಂದು ನೋಡಬೇಕು ಎಂಬ ಗ್ರಹಿಕೆಯನ್ನು ವಿದ್ಯಾರ್ಥಿ ಇಲ್ಲಿ ತನ್ನ ಅನುಭವದಿಂದಲೇ ಪಡೆಯುತ್ತಾನೆ.

ಆದರೆ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ವರ್ಷಾರಂಭದ ಒಂದು ಸುತ್ತಾಟ: ಇದು ಪುಸ್ತಕ ಕೊಡುವ ಕೌಂಟರ್, ಇದು ನಿಯತಕಾಲಿಕಗಳ ವಿಭಾಗ, ಇದು ದಂಡದ ನಿಯಮ. ಇನ್ನೂ ಯಾವ ಪ್ರಶ್ನೆಯೂ ಇಲ್ಲದ ವಿದ್ಯಾರ್ಥಿಗೆ ಉತ್ತರ ಹುಡುಕುವ ದಾರಿ ತೋರಿಸಿದರೆ ಅದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅಧ್ಯಾಪಕರು ಪ್ರಬಂಧದ ಕೆಲಸ ಕೊಡುವ ವಾರದಲ್ಲಿಯೇ ಗ್ರಂಥಪಾಲಕರು ತರಗತಿಗೆ ಹೋಗಬೇಕು, ಪ್ರಬಂಧದ ಜೊತೆಗೆ ಹುಡುಕಾಟದ ಟಿಪ್ಪಣಿಯನ್ನೂ ವಿದ್ಯಾರ್ಥಿ ಒಪ್ಪಿಸಬೇಕು, ಅದಕ್ಕೂ ಅಂಕವಿರಬೇಕು. ಸ್ನಾತಕೋತ್ತರ ಹಂತದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾವನ್ನು ಬಳಸುವುದು, ಉಲ್ಲೇಖಗಳನ್ನು ಕ್ರಮವಾಗಿ ಕೊಡುವುದು, ಕೃತಿಚೌರ್ಯದ ಗೆರೆ ಎಲ್ಲಿದೆ ಎಂದು ತಿಳಿಯುವುದು ಸೇರಿಕೊಳ್ಳುತ್ತವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಶೇಕಡಾ 10, 40 ಮತ್ತು 60ರ ಮಟ್ಟಗಳಲ್ಲಿ ಹೋಲಿಕೆಯನ್ನು ಅಳೆದು ಕ್ರಮ ಸೂಚಿಸುತ್ತದೆ. ಇದರ ಪರಿಣಾಮವಾಗಿ ಕೃತಿಚೌರ್ಯ ಎಂದರೆ ತಂತ್ರಾಂಶ ತೋರಿಸುವ ಒಂದು ಅಂಕಿ ಎಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಬೇರೆಯವರ ವಿಚಾರವನ್ನು ಪದ ಬದಲಿಸಿ ತನ್ನದೆಂದು ಬರೆದರೆ ತಂತ್ರಾಂಶ ಸುಮ್ಮನಿರಬಹುದು, ತಪ್ಪು ಮಾತ್ರ ತಪ್ಪೇ ಎಂಬುದನ್ನು ಮನುಷ್ಯರೇ ಹೇಳಿಕೊಡಬೇಕು.

ಇದೇ ಹಂತದಲ್ಲಿ ಕೈಗೆ ಏನು ಸಿಗುತ್ತದೆ ಎಂಬ ಪ್ರಶ್ನೆಯೂ ಇದೆ. ಕೇಂದ್ರ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಮೂರು ವರ್ಷಗಳಿಗೆ 6000 ಕೋಟಿ ರೂಪಾಯಿ ನಿಗದಿಯಾಗಿದ್ದು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ದೊರೆಯುವಂತಾಗಿವೆ. ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಅದೇ ಬಾಗಿಲು ತೆರೆದಿಲ್ಲ. ಆದ್ದರಿಂದ ಮುಕ್ತವಾಗಿ ಸಿಗುವ ಲೇಖನಗಳನ್ನು ಪತ್ತೆ ಹಚ್ಚುವುದು ಅಲ್ಲಿನ ಗ್ರಂಥಪಾಲಕರು ಕಲಿಸಲೇಬೇಕಾದ ಪಾಠವಾಗುತ್ತದೆ.

ವಿಶೇಷ ಗ್ರಂಥಾಲಯಗಳು ಬೆಂಗಳೂರಿನಲ್ಲಿ ಬಹಳ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಆರ್. ಡಿ. ಟಾಟಾ ಸ್ಮಾರಕ ಗ್ರಂಥಾಲಯ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗ್ರಂಥಾಲಯ, ರಾಷ್ಟ್ರೀಯ ಕಾನೂನು ಶಾಲೆಯ ಗ್ರಂಥಾಲಯ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ವೈದ್ಯಕೀಯ ಕಾಲೇಜುಗಳಿಗಾಗಿ ನಡೆಸುವ ಹೆಲಿನೆಟ್ ಒಕ್ಕೂಟ, ಕಂಪನಿಗಳ ಒಳಗಿನ ಮಾಹಿತಿ ಕೇಂದ್ರಗಳು ಇವೆಲ್ಲ ಈ ವರ್ಗದವು. ಇಲ್ಲಿಗೆ ಬರುವವನು ತನ್ನ ವಿಷಯವನ್ನು ಬಲ್ಲವನು. ಹಾಗಾಗಿ ಇಲ್ಲಿನ ಬೋಧನೆ ಆ ವಿಷಯದ ಶಿಸ್ತಿಗೆ ಅಂಟಿಕೊಂಡಿರುತ್ತದೆ. ವೈದ್ಯನಿಗೆ ಪ್ರಕಟವಾದ ಒಂದು ಅಧ್ಯಯನವು ಆಮೇಲೆ ಹಿಂಪಡೆಯಲ್ಪಟ್ಟಿದೆಯೇ ಎಂದು ಪರೀಕ್ಷಿಸುವುದು ಮುಖ್ಯ. ಲಸಿಕೆ ಮತ್ತು ಆಟಿಸಂ ನಡುವೆ ಸಂಬಂಧವಿದೆ ಎಂಬ ಭಾವನೆ ಹುಟ್ಟಿಸಿದ ಲೇಖನ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದು, ಅದನ್ನು ಪತ್ರಿಕೆ ಹಿಂಪಡೆಯುವ ಹೊತ್ತಿಗೆ 2010 ಆಗಿತ್ತು. ಅದರ ಹಾನಿ ಇಂದಿಗೂ ಪೂರ್ತಿ ಅಳಿದಿಲ್ಲ. ವಕೀಲನಿಗೆ ಒಂದು ತೀರ್ಪು ಮೇಲಿನ ನ್ಯಾಯಾಲಯದಲ್ಲಿ ರದ್ದಾಗಿದೆಯೇ ಎಂಬುದೂ, ಅಂಥ ತೀರ್ಪು ಇದೆಯೇ ಎಂಬುದೂ ಮುಖ್ಯ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಹೆಣೆದು ಕೊಟ್ಟ ಇಲ್ಲದ ತೀರ್ಪುಗಳನ್ನು ಉದ್ಧರಿಸಿದ್ದಕ್ಕಾಗಿ ವಕೀಲರಿಗೆ 5000 ಡಾಲರ್ ದಂಡ ವಿಧಿಸಿತು. ಉಲ್ಲೇಖವನ್ನು ಕಂಡಾಗ ಅದರ ಮೂಲವನ್ನು ತೆರೆದು ನೋಡುವ ಅಭ್ಯಾಸವು ಶಾಲೆಯಲ್ಲಿಯೇ ಬಂದಿದ್ದರೆ ಅಂಥ ತಪ್ಪು ಆಗುವುದಿಲ್ಲ. ಬಾರದಿದ್ದರೆ ವೃತ್ತಿಯ ಅನುಭವ ಅದನ್ನು ತಡೆಯುವುದಿಲ್ಲ. ಬೆಂಗಳೂರಿನ ನೀರನ್ನು ಅಧ್ಯಯನ ಮಾಡುವ ಸಂಶೋಧಕನಿಗೂ ಇಲ್ಲಿ ತಕ್ಕ ಪಾಠವಿದೆ: ಯಾವ ದತ್ತಕೋಶದಲ್ಲಿ ಯಾವ ಪದಗಳಿಂದ ಯಾವ ದಿನ ಹುಡುಕಿದೆ ಎಂದು, ಇನ್ನೊಬ್ಬರು ಅದೇ ದಾರಿಯಲ್ಲಿ ಬರುವಂತೆ ಬರೆದಿಡುವುದು, ಪತ್ರಾಗಾರದ ಹಳೆಯ ನಕ್ಷೆ, ಇಲಾಖೆಗಳ ಅಪ್ರಕಟಿತ ವರದಿ, ಉಪಗ್ರಹದ ಚಿತ್ರ ಇವುಗಳನ್ನು ಎದುರುಬದುರು ಇಟ್ಟು ಓದುವುದು.

ಸಾರ್ವಜನಿಕ ಗ್ರಂಥಾಲಯವನ್ನು ಈ ಸಾಲಿನ ಕೊನೆಗೆ ಇಟ್ಟದ್ದು ಅದು ಕೊನೆಯ ಹಂತವೆಂದಲ್ಲ. ಉಳಿದೆಲ್ಲ ಗ್ರಂಥಾಲಯಗಳು ಬದುಕಿನ ಕೆಲವು ವರ್ಷಗಳಿಗೆ, ಕೆಲವರಿಗೆ ಮಾತ್ರ ಸೇರಿದವು. ಇದೊಂದು ಎಲ್ಲರಿಗೂ, ಎಲ್ಲ ವಯಸ್ಸಿಗೂ ಸೇರಿದ್ದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಕೊಡುತ್ತೇವೆ, ಅಂದರೆ ಇದು ನಗರದ ಜನರೇ ನಡೆಸುವ ಸಂಸ್ಥೆ. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋದರೂ ಬಡಾವಣೆಯ ಶಾಖೆಗೆ ಹೋದರೂ ಕಾಣುವವರು ಮುಖ್ಯವಾಗಿ ದಿನಪತ್ರಿಕೆ ಓದುವ ಹಿರಿಯರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಜನರು. ಈ ಎರಡೂ ಗುಂಪುಗಳಿಗೆ ಮಾಹಿತಿ ಸಾಕ್ಷರತೆ ಬಹಳ ಬೇಕು. ಹಿರಿಯರ ಫೋನಿಗೆ ದಿನವೂ ಮಧುಮೇಹ ಗುಣಪಡಿಸುವ ಕಷಾಯಗಳ ಸಂದೇಶ ಬರುತ್ತದೆ. ಪರೀಕ್ಷಾರ್ಥಿಗಳ ಕೈಗೆ ತಪ್ಪು ಇಸವಿಗಳಿರುವ ಗೈಡುಗಳೂ ಸೋರಿಕೆಯಾದ ಪ್ರಶ್ನೆಪತ್ರಿಕೆಯ ಹೆಸರಿನ ಮೋಸದ ಸಂದೇಶಗಳೂ ಬರುತ್ತವೆ. ಅವರಿಗೆ ಮಾಹಿತಿ ಸಾಕ್ಷರತೆಯ ತರಗತಿ ಎಂಬ ಫಲಕ ಹಾಕಿದರೆ ಯಾರೂ ಬರಲಾರರು. ಈ ವಾರ ನಿಮಗೆ ಬಂದ ಸಂದೇಶ ನಿಜವೇ, ಒಟ್ಟಿಗೆ ನೋಡೋಣ ಎಂದು ಕರೆದರೆ ಬರುತ್ತಾರೆ. ಬಡಾವಣೆಯ ಕೊಳವೆಬಾವಿ ಯಾಕೆ ಬತ್ತಿತು, ಕೆರೆಯ ನೀರಿನ ಗುಣಮಟ್ಟದ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿ ಏನು ಪ್ರಕಟಿಸಿದೆ, ಪ್ರಕಟಿಸದೆ ಇದ್ದದ್ದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹೇಗೆ ಕೇಳಬಹುದು ಎಂಬುದು ಅಲ್ಲಿನ ಪಠ್ಯವಾಗಬಹುದು. ಶಾಲೆಯಲ್ಲಿ ಗ್ರಂಥಾಲಯವನ್ನೇ ಕಾಣದವರು, ಕಾಲೇಜಿಗೆ ಹೋಗದವರು, ಓದು ಬಿಟ್ಟು ಬಹಳ ವರ್ಷಗಳಾದವರು ಇವರೆಲ್ಲ ಮೊದಲ ಮೆಟ್ಟಿಲನ್ನು ಇಲ್ಲಿಯೇ ಹತ್ತಬೇಕಾಗುತ್ತದೆ; ಹಾಗಾಗಿ ಶಾಖಾ ಗ್ರಂಥಾಲಯದಲ್ಲಿ ಎಲ್ಲ ಹಂತಗಳೂ ಒಂದೇ ಮೇಜಿನ ಸುತ್ತ ಕುಳಿತಿರುತ್ತವೆ. ಕಲಿಸುವ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಕಷ್ಟದ ಸ್ಥಳ, ಎಲ್ಲಕ್ಕಿಂತ ಕಡಿಮೆ ನೆರವು ಪಡೆದ ಸ್ಥಳವೂ ಹೌದು.

ಈ ಬಗೆಬಗೆಯ ಗ್ರಂಥಾಲಯಗಳು ಒಂದನ್ನೊಂದು ಮಾತಾಡಿಸದಿರುವುದೇ ನಮ್ಮ ನಿಜವಾದ ಸಮಸ್ಯೆ. ಶಾಲೆ ಏನು ಕಲಿಸಿದೆ ಎಂದು ಕಾಲೇಜಿಗೆ ಗೊತ್ತಿಲ್ಲ, ಆದ್ದರಿಂದ ಅದು ಮೊದಲಿನಿಂದ ಆರಂಭಿಸುತ್ತದೆ ಅಥವಾ ಎಲ್ಲ ಗೊತ್ತಿದೆ ಎಂದು ಭಾವಿಸುತ್ತದೆ. ಎರಡರಲ್ಲಿಯೂ ನಷ್ಟವಾಗುವುದು ವಿದ್ಯಾರ್ಥಿಗೇ. ಈ ಗ್ರಂಥಾಲಯಗಳು ಇಲಾಖೆಗಳ ಪ್ರಕಾರವೂ ಹಂಚಿಹೋಗಿವೆ: ಶಾಲೆಗಳು ಒಂದು ಇಲಾಖೆಗೆ, ಕಾಲೇಜುಗಳು ಇನ್ನೊಂದಕ್ಕೆ, ನಗರದ ಶಾಖೆಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ, 2019ರಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ. ಐದನೆಯ ತರಗತಿ, ಹತ್ತನೆಯ ತರಗತಿ, ಪದವಿ ಇವುಗಳ ಕೊನೆಗೆ ವಿದ್ಯಾರ್ಥಿಯೊಬ್ಬನು ಏನನ್ನು ಮಾಡಬಲ್ಲವನಾಗಿರಬೇಕು ಎಂಬ ಒಂದೇ ಒಂದು ಪುಟದ ಒಪ್ಪಂದ ಕನ್ನಡದಲ್ಲಿ ಸಿದ್ಧವಾದರೆ ಅದೇ ದೊಡ್ಡ ಆರಂಭ. ಅದನ್ನು ಪರೀಕ್ಷಿಸುವಾಗ ಮಾಹಿತಿ ಸಾಕ್ಷರತೆಯ ವ್ಯಾಖ್ಯೆ ಬರೆಯಿರಿ ಎಂದು ಕೇಳದೆ, ಎರಡು ಹೊಂದದ ಆಕರಗಳನ್ನು ಕೊಟ್ಟು ಯಾವುದನ್ನು ಏಕೆ ನಂಬುತ್ತೀರಿ ಎಂದು ಕೇಳಬೇಕು.

ಶಾಲೆಗಳಲ್ಲಿ ಗ್ರಂಥಪಾಲಕರಿಲ್ಲದ ಪ್ರಶ್ನೆಗೆ ನೇಮಕಾತಿಯೇ ಪೂರ್ಣ ಉತ್ತರ. ಅದಾಗುವವರೆಗೆ ಮಾಡಬಹುದಾದ ಒಂದು ಕೆಲಸವು ಗ್ರಂಥಾಲಯ ವಿಜ್ಞಾನದ ವಿಭಾಗಗಳ ಕೈಯಲ್ಲಿದೆ. ಈ ನಗರದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಡಿಆರ್‌ಟಿಸಿಯವರೆಗೆ ಗ್ರಂಥಪಾಲಕರನ್ನು ತಯಾರು ಮಾಡುವ ಸಂಸ್ಥೆಗಳಿವೆ. ಅಲ್ಲಿನ ವಿದ್ಯಾರ್ಥಿಗಳು ವರ್ಗೀಕರಣ ಮತ್ತು ಸೂಚೀಕರಣವನ್ನು ಅಭ್ಯಾಸ ಮಾಡುವಷ್ಟೇ ನಿಷ್ಠೆಯಿಂದ ಬೋಧನೆಯನ್ನೂ ಅಭ್ಯಾಸ ಮಾಡುವಂತಾಗಬೇಕು. ಬಿ.ಎಡ್. ವಿದ್ಯಾರ್ಥಿಗಳು ಶಾಲೆಗಳಿಗೆ ಹೋಗಿ ಪಾಠ ಮಾಡುವಂತೆ, ಇವರೂ ಒಂದು ಅವಧಿಯನ್ನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ, ಇನ್ನೊಂದನ್ನು ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ, ಮತ್ತೊಂದನ್ನು ಕಾಲೇಜಿನಲ್ಲಿ ಕಳೆದು, ಮೂರೂ ಕಡೆ ಒಂದೇ ವಿಷಯವನ್ನು ಮೂರು ಬಗೆಯಾಗಿ ಕಲಿಸಿ, ತಾವು ಬಳಸಿದ ಪಾಠಗಳನ್ನು ಕನ್ನಡದಲ್ಲಿ ಬರೆದು ಮುಂದಿನ ವರ್ಷದವರಿಗೆ ಒಪ್ಪಿಸಬಹುದು. ಇದಕ್ಕೆ ಹೊಸ ಕಟ್ಟಡವೂ ಹೊಸ ಕಾಯ್ದೆಯೂ ಬೇಕಾಗಿಲ್ಲ. ಪಠ್ಯಕ್ರಮ ಸಮಿತಿಯ ಒಂದು ತೀರ್ಮಾನ ಮತ್ತು ಶಾಲೆಯ ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು.